ಸ್ಟೀಫನ್ಸ್ ಪತ್ರ ಓದುವ ಮುನ್ನ ತಾರೀಖು ನೋಡಿ

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ಅಂತರ್ಯುದ್ಧದ ಬಗ್ಗೆ ಸೆಮಿನಾರ್ ಕೊಡಬೇಕು. ದಕ್ಷಿಣದವರ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸ್ ಯುದ್ಧಕ್ಕೆ ಮುಂಚೆ ಲಿಂಕನ್‌ಗೆ ಪತ್ರ ಬರೆದಿದ್ದ ಅಂತ ಕೇಳಿದೆ. ಯುದ್ಧ ಆಗಿದ್ದು ಗುಲಾಮಗಿರಿಗಾಗಿ ಅಂತ ಕೆಲವರು, ರಾಜ್ಯಗಳ ಹಕ್ಕಿಗಾಗಿ ಅಂತ ಕೆಲವರು. ಇಬ್ಬರೂ ಸ್ಟೀಫನ್ಸ್ ಮಾತನ್ನೇ ಸಾಕ್ಷಿ ಕೊಡುತ್ತಾರೆ. ಅವನ ಪತ್ರಗಳಿಂದ ನಿಜ ಗೊತ್ತಾಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಗೊತ್ತಾಗುತ್ತದೆ, ಅದೂ ಅವನ ಕೈಬರಹದಲ್ಲೇ. ಆದರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಪತ್ರದ ಒಳಗೆ ಏನಿದೆ ಅಂತ ನೋಡುವ ಮುಂಚೆ ಮೇಲಿನ ತಾರೀಖು ನೋಡಿ, ಯಾರಿಗೆ ಬರೆದದ್ದು ಅಂತ ನೋಡಿ. ನಿಮ್ಮ ಇಬ್ಬರು ಲೇಖಕರು ಒಬ್ಬನೇ ಮನುಷ್ಯನನ್ನು ಎರಡು ಕಡೆಗೂ ಸಾಕ್ಷಿ ಕರೆಯಲು ಸಾಧ್ಯವಾದದ್ದು ಯಾಕೆ ಗೊತ್ತಾ? ಒಬ್ಬರು 1865ಕ್ಕೆ ಮುಂಚಿನ ಸ್ಟೀಫನ್ಸ್‌ನನ್ನು ಓದಿದ್ದಾರೆ, ಇನ್ನೊಬ್ಬರು ಸೋತ ಮೇಲಿನ ಸ್ಟೀಫನ್ಸ್‌ನನ್ನು ಓದಿದ್ದಾರೆ.

ಮೊದಲು ಆ ಮನುಷ್ಯನ ಪರಿಚಯ. ಹುಟ್ಟಿದ್ದು 1812ರಲ್ಲಿ, ಜಾರ್ಜಿಯಾ ರಾಜ್ಯದ ಕ್ರಾಫರ್ಡ್‌ವಿಲ್ ಹತ್ತಿರ. ಚಿಕ್ಕಂದಿನಿಂದ ಕಾಯಿಲೆಯ ದೇಹ. ತೂಕ 45 ಕಿಲೋ ಆಸುಪಾಸು ಅಷ್ಟೇ. ಮದುವೆ ಆಗಲಿಲ್ಲ. ವಕೀಲಿಕೆ ಮಾಡಿ, 1843ರಿಂದ 1859ರವರೆಗೆ ವಾಷಿಂಗ್ಟನ್‌ನ ಕೆಳಮನೆಯಲ್ಲಿ ಕೂತ. ಅಲ್ಲಿ 1847ರಲ್ಲಿ ಬಂದ ಹೊಸ ಸದಸ್ಯ ಲಿಂಕನ್. ಆಗ ಇಬ್ಬರೂ ವಿಗ್ ಪಕ್ಷದವರು, ಇಬ್ಬರೂ ಮೆಕ್ಸಿಕೋ ಮೇಲಿನ ಯುದ್ಧವನ್ನು ವಿರೋಧಿಸಿದವರು. 1848ರ ಫೆಬ್ರವರಿ 2ರಂದು ಲಿಂಕನ್ ತನ್ನ ಜೊತೆ ವಕೀಲ ಹರ್ನ್‌ಡನ್‌ಗೆ ಒಂದು ಚೀಟಿ ಬರೆಯುತ್ತಾನೆ: ಜಾರ್ಜಿಯಾದ ಸ್ಟೀಫನ್ಸ್ ಅಂತ ಒಬ್ಬ ಸಣಕಲು, ಬಿಳಿಚಿಕೊಂಡ ಮುಖದ ಮನುಷ್ಯ ಈಗಷ್ಟೇ ಮಾತು ಮುಗಿಸಿದ, ಒಂದು ಗಂಟೆಯ ಭಾಷಣಗಳಲ್ಲಿ ಇಷ್ಟು ಒಳ್ಳೆಯದನ್ನು ನಾನು ಕೇಳಿಯೇ ಇಲ್ಲ, ನನ್ನ ಒಣಗಿದ ಮುದಿ ಕಣ್ಣುಗಳಲ್ಲಿ ಇನ್ನೂ ನೀರಿದೆ ಅಂತ. ಆಗ ಲಿಂಕನ್‌ಗೆ 39 ಕೂಡ ತುಂಬಿರಲಿಲ್ಲ. ಮುಂದಿನ ಪತ್ರಗಳನ್ನು ಓದುವಾಗ ಈ ಚೀಟಿ ನೆನಪಿರಲಿ. ಅವು ಎರಡು ಪಾಳೆಯಗಳ ನಾಯಕರ ಪತ್ರಗಳಷ್ಟೇ ಅಲ್ಲ, ಹಳೆಯ ಗೆಳೆಯರಿಬ್ಬರ ಪತ್ರಗಳು.

ಈಗ 1860ಕ್ಕೆ ಬನ್ನಿ. ನವೆಂಬರ್ 6ರ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ, ಈ ಸಲ ರಿಪಬ್ಲಿಕನ್ ಪಕ್ಷದಿಂದ. ಜಾರ್ಜಿಯಾದಲ್ಲಿ ಒಕ್ಕೂಟ ಬಿಟ್ಟು ಹೋಗೋಣ ಅನ್ನುವ ಗಲಾಟೆ ಶುರುವಾಯಿತು. ಆಗಿನ ರಾಜಧಾನಿ ಮಿಲೆಡ್ಜ್‌ವಿಲ್‌ನಲ್ಲಿ ನವೆಂಬರ್ 13ರ ರಾತ್ರಿ ಜಾರ್ಜಿಯಾದ ಸೆನೆಟರ್ ರಾಬರ್ಟ್ ಟೂಂಬ್ಸ್ ಹೊರಹೋಗಲೇಬೇಕು ಅಂತ ಗುಡುಗಿದ. ಮರುದಿನ ರಾತ್ರಿ ಸ್ಟೀಫನ್ಸ್ ಎದ್ದು ನಿಂತು ಬೇಡ ಅಂದ. ಕಾನೂನು ಪ್ರಕಾರ ಆದ ಚುನಾವಣೆಯಲ್ಲಿ ಒಬ್ಬ ಗೆದ್ದ ಅನ್ನುವುದೇ ಒಕ್ಕೂಟ ಒಡೆಯಲು ಕಾರಣ ಆಗುವುದಿಲ್ಲ ಅನ್ನುವುದು ಅವನ ವಾದ. ಟೂಂಬ್ಸ್ ಅವನ ಜೀವದ ಗೆಳೆಯ. ನಡುನಡುವೆ ಬಾಯಿ ಹಾಕಿದರೂ ಭಾಷಣ ಮುಗಿದಾಗ ತಾನೇ ಎದ್ದು ಜನರಿಂದ ಜೈಕಾರ ಹಾಕಿಸಿದ.

ಆ ಭಾಷಣ ಪೇಪರ್‌ಗಳಲ್ಲಿ ಬಂತು. ಇಲ್ಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೂತಿದ್ದ ಲಿಂಕನ್ ಅದನ್ನು ಓದಿದ. ನವೆಂಬರ್ 30ರಂದು ಎರಡು ಸಾಲು ಬರೆದ: ನಿಮ್ಮ ಭಾಷಣ ಪತ್ರಿಕೆಯಲ್ಲಿ ಓದಿದೆ, ತಿದ್ದಿದ ಪ್ರತಿ ಇದ್ದರೆ ಒಂದು ಕಳಿಸಿ. ಮೇಲ್ನೋಟಕ್ಕೆ ಅಷ್ಟೇ. ಅಧಿಕಾರ ವಹಿಸಿಕೊಳ್ಳುವವರೆಗೆ ಬಹಿರಂಗವಾಗಿ ಏನೂ ಹೇಳುವುದಿಲ್ಲ ಅಂತ ಕೂತಿದ್ದವನು ತಾನಾಗಿಯೇ ದಕ್ಷಿಣದ ಒಬ್ಬನಿಗೆ ಪೆನ್ನು ಹಿಡಿದ ಅನ್ನುವುದೇ ಇಲ್ಲಿ ದೊಡ್ಡದು. ಸ್ಟೀಫನ್ಸ್ ಡಿಸೆಂಬರ್ 14ಕ್ಕೆ ಉತ್ತರಿಸಿದ. ಭಾಷಣ ತಿದ್ದಿಲ್ಲ, ಪೇಪರ್‌ನಲ್ಲಿ ಬಂದದ್ದು ಹೆಚ್ಚುಕಡಿಮೆ ಸರಿಯಿದೆ, ದೇಶ ದೊಡ್ಡ ಅಪಾಯದಲ್ಲಿದೆ, ನಿಮ್ಮ ಮೇಲಿರುವಷ್ಟು ಭಾರ ಯಾರ ಮೇಲೂ ಬಿದ್ದಿರಲಿಲ್ಲ ಅಂತ.

ಮೂರನೆಯ ಪತ್ರ ಡಿಸೆಂಬರ್ 22ರದ್ದು. ಸೌತ್ ಕೆರೊಲಿನಾ ಒಕ್ಕೂಟ ಬಿಟ್ಟು ಆಗಲೇ ಎರಡು ದಿನ. ಪತ್ರದ ತಲೆಯ ಮೇಲೆ ಲಿಂಕನ್ ಬರೆದದ್ದು, ನಿಮ್ಮ ಕಣ್ಣಿಗೆ ಮಾತ್ರ. ಒಳಗಿನ ಮಾತು ನೇರ. ರಿಪಬ್ಲಿಕನ್ ಸರ್ಕಾರ ಬಂದರೆ ನಿಮ್ಮ ಗುಲಾಮರ ವಿಷಯದಲ್ಲಿ ಕೈ ಹಾಕುತ್ತದೆ ಅನ್ನುವ ಭಯ ದಕ್ಷಿಣದವರಿಗೆ ನಿಜವಾಗಿ ಇದೆಯಾ? ಇದ್ದರೆ, ಒಂದು ಕಾಲದ ಗೆಳೆಯನಾಗಿ, ಈಗಲೂ ಶತ್ರು ಅಲ್ಲ ಅಂತ ನಂಬಿಕೊಂಡು ಹೇಳುತ್ತೇನೆ, ಭಯಕ್ಕೆ ಕಾರಣ ಇಲ್ಲ. ಆಮೇಲೆ ತಾನೇ ಒಪ್ಪಿಕೊಳ್ಳುತ್ತಾನೆ, ಇದು ಸಾಲದು ಅಂತ ನನಗೆ ಗೊತ್ತು. ಗುಲಾಮಗಿರಿ ಸರಿ, ಅದು ಹರಡಬೇಕು ಅಂತ ನೀವು ಅಂದುಕೊಂಡಿದ್ದೀರಿ. ಅದು ತಪ್ಪು, ಅದಕ್ಕೆ ಮಿತಿ ಹಾಕಬೇಕು ಅಂತ ನಾವು ಅಂದುಕೊಂಡಿದ್ದೇವೆ. ನಮ್ಮಿಬ್ಬರ ನಡುವಿನ ಗಟ್ಟಿಯಾದ ವ್ಯತ್ಯಾಸ ಇದೊಂದೇ.

ಈ ಪತ್ರಕ್ಕೆ ಸ್ಟೀಫನ್ಸ್ ಏನು ಹೇಳಬಹುದಿತ್ತು? ಇಲ್ಲ ಮಾರಾಯ, ನಮ್ಮ ಜಗಳ ಗುಲಾಮಗಿರಿಯದ್ದಲ್ಲ, ತೆರಿಗೆಯದ್ದು, ರಾಜ್ಯಗಳ ಅಧಿಕಾರದ್ದು ಅಂತ ಹೇಳಬಹುದಿತ್ತು ಅಲ್ವಾ? ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಎದುರಿಗಿರುವವನು ಹಳೆಯ ಗೆಳೆಯ, ಪತ್ರ ಗುಟ್ಟಿನದು, ಕೇಳುವ ಜನ ಇಲ್ಲ, ಚಪ್ಪಾಳೆ ಇಲ್ಲ. ಡಿಸೆಂಬರ್ 30ರ ಉತ್ತರದಲ್ಲಿ ಅವನು ಅಂಥದ್ದೇನೂ ಹೇಳಲಿಲ್ಲ. ವೈಯಕ್ತಿಕವಾಗಿ ನಾನು ನಿಮ್ಮ ಶತ್ರು ಅಲ್ಲ ಅಂದ. ಆಮೇಲೆ, ನಮ್ಮಲ್ಲಿರುವ ಗುಲಾಮಗಿರಿ ನೈತಿಕವಾಗಿಯೂ ರಾಜಕೀಯವಾಗಿಯೂ ಸರಿ ಅಂತಲೇ ದಕ್ಷಿಣದ ನಾವು ಅಂದುಕೊಂಡಿದ್ದೇವೆ, ಕಪ್ಪು ಜನಾಂಗ ಕೀಳು ಅನ್ನುವುದೇ ಈ ಅಭಿಪ್ರಾಯಕ್ಕೆ ಆಧಾರ ಅಂತ ಬರೆದ. ದೇಶದ ಹತ್ತಿರ ಹತ್ತಿರ ಅರ್ಧ ರಾಜ್ಯಗಳ ಸಂಸ್ಥೆಯನ್ನು ಇಡೀ ದೇಶದ ಮುಂದೆ ಕಳಂಕ ಅಂತ ನಿಲ್ಲಿಸುವುದೇ ನಿಮ್ಮ ಪಕ್ಷದ ಮೂಲ ವಿಚಾರ, ಸಿಟ್ಟು ಬರಲು, ಬಂಡಾಯ ಏಳಲು ಅಷ್ಟು ಸಾಕು ಅಂತಲೂ ಸೇರಿಸಿದ. ಲಿಂಕನ್ ಬೆರಳಿಟ್ಟು ತೋರಿಸಿದ ಜಾಗದಲ್ಲೇ ಅವನೂ ಬೆರಳಿಟ್ಟ.

ಅದೇ ಪತ್ರದ ಕೊನೆಗೆ ಬೈಬಲ್‌ನ ಜ್ಞಾನೋಕ್ತಿಗಳಿಂದ ಒಂದು ಮಾತು ಬರುತ್ತದೆ. ಹೊತ್ತಿಗೆ ಸರಿಯಾಗಿ ನೀವು ಆಡುವ ಒಂದು ಮಾತು ಬೆಳ್ಳಿಯ ಚಿತ್ರದಲ್ಲಿಟ್ಟ ಚಿನ್ನದ ಸೇಬಿನ ಹಾಗೆ ಇರುತ್ತದೆ ಅಂತ. ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಇಲ್ಲಿ ಮಾತೇ ಬಂಗಾರ. ಲಿಂಕನ್ ಈ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಆದರೆ ಆ ಸೇಬು ಅವನ ತಲೆಯಲ್ಲಿ ಉಳಿಯಿತು. ಅವನ ಕಾಗದಗಳಲ್ಲಿ ತಾರೀಖಿಲ್ಲದ ಒಂದು ಚಿಕ್ಕ ಟಿಪ್ಪಣಿ ಇದೆ. ಎಲ್ಲರಿಗೂ ಸ್ವಾತಂತ್ರ್ಯ ಅನ್ನುವ ತತ್ವವೇ ಚಿನ್ನದ ಸೇಬು, ಒಕ್ಕೂಟ ಮತ್ತು ಸಂವಿಧಾನ ಅದರ ಸುತ್ತ ಕಟ್ಟಿದ ಬೆಳ್ಳಿಯ ಚಿತ್ರ, ಚಿತ್ರ ಇರುವುದು ಸೇಬಿಗಾಗಿ, ಸೇಬು ಇರುವುದು ಚಿತ್ರಕ್ಕಾಗಿ ಅಲ್ಲ ಅಂತ ಅದರಲ್ಲಿ ಬರೆದುಕೊಂಡಿದ್ದಾನೆ. ಗುಲಾಮಗಿರಿ ಸರಿ ಅಂದವನು ಕಳಿಸಿದ ಉಪಮೆಯನ್ನು ಎಲ್ಲರ ಬಿಡುಗಡೆಯ ಕಡೆಗೆ ತಿರುಗಿಸಿದ್ದಾನೆ ನೋಡಿ. ನಿಮ್ಮ ಸೆಮಿನಾರ್‌ನಲ್ಲಿ ಇದೊಂದನ್ನೇ ಹತ್ತು ನಿಮಿಷ ಬಿಡಿಸಿ ಹೇಳಿದರೂ ಸಾಕು ಅನ್ನುತ್ತೇನೆ.

ಮುಂದಿನದು ಬೇಗ ಬೇಗ ನಡೆಯಿತು. 1861ರ ಜನವರಿ 19ರಂದು ಜಾರ್ಜಿಯಾ 208ಕ್ಕೆ 89 ಮತಗಳಿಂದ ಹೊರಬಿತ್ತು. ಸ್ಟೀಫನ್ಸ್ ವಿರುದ್ಧ ಮತ ಹಾಕಿದ, ಆಮೇಲೆ ಆ ನಿರ್ಣಯಕ್ಕೆ ಸಹಿಯನ್ನೂ ಹಾಕಿದ. ಮೂರೇ ವಾರದಲ್ಲಿ, ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳು ಕಟ್ಟಿಕೊಂಡ ಕಾನ್ಫೆಡರಸಿ ಅನ್ನುವ ಹೊಸ ಸರ್ಕಾರಕ್ಕೆ ಉಪಾಧ್ಯಕ್ಷನಾದ. ಮಾರ್ಚ್ 21ರಂದು ಸವಾನ್ನಾ ಊರಿನಲ್ಲಿ ಭಾಷಣ ಮಾಡುತ್ತಾ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನುವ ಸತ್ಯದ ಮೇಲೆ ಕೂತಿದೆ ಅಂದ. ಇದು ನಿಮ್ಮ ಪುಸ್ತಕಗಳಲ್ಲಿ ಇದ್ದೇ ಇರುತ್ತದೆ.

ಸೋತ ಮೇಲೆ ಏನಾಯಿತು? 1865ರ ಮೇ 11ರಂದು ಅವನನ್ನು ಮನೆಯಲ್ಲೇ ಹಿಡಿದು ಬಾಸ್ಟನ್ ಬಂದರಿನ ಫೋರ್ಟ್ ವಾರೆನ್ ಕೋಟೆಯಲ್ಲಿ ಇಟ್ಟರು. ಅಕ್ಟೋಬರ್‌ವರೆಗೆ ಅಲ್ಲಿದ್ದ. ಅಲ್ಲಿ ಬರೆದ ದಿನಚರಿಯಲ್ಲಿ ಸವಾನ್ನಾ ಭಾಷಣದ ವರದಿ ಸರಿಯಾಗಿ ಬಂದಿರಲಿಲ್ಲ ಅಂತ ವರದಿಗಾರನ ಮೇಲೆ ಹಾಕುತ್ತಾನೆ. 1868ರಿಂದ 1870ರ ನಡುವೆ ಎರಡು ದಪ್ಪ ಸಂಪುಟಗಳಲ್ಲಿ, ಯುದ್ಧ ನಡೆದದ್ದು ಸಂವಿಧಾನದ ಅರ್ಥಕ್ಕಾಗಿ, ರಾಜ್ಯಗಳ ಸಾರ್ವಭೌಮತ್ವಕ್ಕಾಗಿ, ಗುಲಾಮಗಿರಿ ಒಂದು ನೆಪ ಅಷ್ಟೇ ಅನ್ನುವ ರೀತಿಯಲ್ಲಿ ವಾದ ಹೂಡುತ್ತಾನೆ. ನಿಮ್ಮ ಎರಡನೆಯ ಲೇಖಕರು ಓದಿದ್ದು ಇದನ್ನೇ.

ಈಗ ತಾರೀಖು ಕೆಲಸಕ್ಕೆ ಬರುತ್ತದೆ. ಭಾಷಣವನ್ನು ವರದಿಗಾರ ತಪ್ಪಾಗಿ ಬರೆದುಕೊಂಡ ಅಂತಲೇ ಇಟ್ಟುಕೊಳ್ಳೋಣ. ಡಿಸೆಂಬರ್ 30ರ ಪತ್ರವನ್ನು ಯಾವ ವರದಿಗಾರ ಬರೆದ? ಭಾಷಣಕ್ಕೆ ಸುಮಾರು ಮೂರು ತಿಂಗಳು ಮುಂಚೆ, ಅದೇ ವಿಚಾರವನ್ನು ಅವನೇ ಕೂತು ನಿಧಾನವಾಗಿ ಬರೆದಿದ್ದಾನೆ. ಯುದ್ಧದ ನಂತರ ತನ್ನ ಪುಸ್ತಕದಲ್ಲಿ ಆ ಪತ್ರವನ್ನು ಅಚ್ಚು ಹಾಕಿಸಿದವನೂ ಅವನೇ. ಹಾಗಾಗಿ ನನ್ನ ಮಟ್ಟಿಗೆ ಇದರಲ್ಲಿ ಅನುಮಾನ ಉಳಿದಿಲ್ಲ. ಭಾಷಣದ ಬಗ್ಗೆ ಯಾರಾದರೂ ತಕರಾರು ಎತ್ತಿದರೆ ಭಾಷಣ ಬಿಟ್ಟುಬಿಡಿ, ಪತ್ರ ತೋರಿಸಿ.

ಇನ್ನೊಂದು ವಿಷಯ. ಯುದ್ಧಕ್ಕೆ ಮುಂಚೆ ದಕ್ಷಿಣದವರ ದೊಡ್ಡ ದೂರು ಏನಿತ್ತು ನೋಡಿ. ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಅನ್ನುವ 1850ರ ಕೇಂದ್ರದ ಕಾನೂನಿಗೆ ಉತ್ತರದ ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿ ಅಡ್ಡ ಹಾಕುತ್ತಿವೆ ಅಂತ. ಆ ರಾಜ್ಯಗಳ ಕಾನೂನು ತೆಗೆಸಬೇಕು ಅಂತ ಮಿಲೆಡ್ಜ್‌ವಿಲ್ ಭಾಷಣದಲ್ಲಿ ಸ್ಟೀಫನ್ಸ್ ಕೂಡ ಕೇಳಿದ. ಅಂದರೆ ಇಲ್ಲಿ ರಾಜ್ಯದ ಹಕ್ಕು ಚಲಾಯಿಸುತ್ತಿದ್ದವರು ಉತ್ತರದವರು, ಕೇಂದ್ರದ ಕೈ ಬಲವಾಗಲಿ ಅನ್ನುತ್ತಿದ್ದವರು ದಕ್ಷಿಣದವರು!

ಹಾಗಂತ ರಾಜ್ಯಗಳ ಹಕ್ಕು ಅನ್ನುವುದು ಅವನಿಗೆ ಸುಮ್ನೆ ಬಾಯಿಮಾತಾಗಿತ್ತು ಅಂತ ಬರೆದರೆ ತಪ್ಪಾಗುತ್ತದೆ. ಯುದ್ಧದ ಕಾಲದ ಪತ್ರಗಳು ಇದನ್ನು ತೋರಿಸುತ್ತವೆ. 1862ರ ಏಪ್ರಿಲ್‌ನಲ್ಲಿ ಕಾನ್ಫೆಡರಸಿ ಕಡ್ಡಾಯ ಸೇನಾ ಭರ್ತಿ ತಂದಿತು. ಅದೇ ವರ್ಷ ಹೇಬಿಯಸ್ ಕಾರ್ಪಸ್ ಅನ್ನು, ಅಂದರೆ ವಿಚಾರಣೆ ಇಲ್ಲದೆ ಯಾರನ್ನೂ ಜೈಲಿನಲ್ಲಿ ಇಡಬಾರದು ಅನ್ನುವ ರಕ್ಷಣೆಯನ್ನು, ಅಮಾನತು ಮಾಡಿತು. ಉಪಾಧ್ಯಕ್ಷ ತನ್ನ ಸರ್ಕಾರದ ಮೇಲೇ ತಿರುಗಿಬಿದ್ದ. ರಾಜಧಾನಿ ರಿಚ್‌ಮಂಡ್ ಬಿಟ್ಟು ತಿಂಗಳುಗಟ್ಟಲೆ ಊರಿನಲ್ಲೇ ಇರತೊಡಗಿದ. ಎಲ್ಲಿದ್ದರೂ ಪತ್ರಗಳ ಮೇಲೆ ಪತ್ರ. ಅವುಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು 1862ರ ಸೆಪ್ಟೆಂಬರ್ 8ರದ್ದು. ಜನರಲ್ ಬ್ರ್ಯಾಗ್ ಅಟ್ಲಾಂಟಾದಲ್ಲಿ ಮಾರ್ಷಲ್ ಲಾ (ಸೇನೆಯ ಆಡಳಿತ) ಹೇರಿ, ಮೇಯರ್ ಜೇಮ್ಸ್ ಕಾಲ್ಹೂನ್‌ನನ್ನು ನಾಗರಿಕ ಗವರ್ನರ್ ಅಂತ ಕೂರಿಸಿದ್ದ. ಪಾಪ, ತನ್ನ ಅಧಿಕಾರ ಏನು ಅಂತ ಕಾಲ್ಹೂನ್‌ಗೇ ಗೊತ್ತಿಲ್ಲ. ಸ್ಟೀಫನ್ಸ್‌ಗೆ ಬರೆದು ಕೇಳಿದ. ನಿನಗೆ ಗೊತ್ತಾಗದಿರುವುದು ಆಶ್ಚರ್ಯ ಅಲ್ಲ, ಅಂಥ ಹುದ್ದೆಯೇ ನಮ್ಮ ಕಾನೂನಿನಲ್ಲಿ ಇಲ್ಲ, ಅದನ್ನು ಕೊಡುವ ಅಧಿಕಾರ ಬ್ರ್ಯಾಗ್‌ಗೂ ಇಲ್ಲ ಅಂತ ಉತ್ತರ ಹೋಯಿತು. ಯುದ್ಧದ ನಡುವೆ, ತನ್ನದೇ ಕಡೆಯ ಸೇನಾಧಿಪತಿಯ ಬಗ್ಗೆ!

1864ರ ಮಾರ್ಚ್‌ನಲ್ಲಿ ಇದು ಬಹಿರಂಗವಾಯಿತು. ಮಲತಮ್ಮ ಲಿಂಟನ್ ಜಾರ್ಜಿಯಾ ಶಾಸನಸಭೆಯಲ್ಲಿ ಹೇಬಿಯಸ್ ಕಾರ್ಪಸ್ ಅಮಾನತಿನ ವಿರುದ್ಧ ನಿರ್ಣಯ ಮಂಡಿಸಿದ, ಅಣ್ಣ ಬಂದು ಅದರ ಪರ ಮಾತಾಡಿದ, ಗವರ್ನರ್ ಜೋಸೆಫ್ ಬ್ರೌನ್ ಜೊತೆಗೆ ನಿಂತ. ಲಿಂಟನ್ ಹೆಸರು ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಊರಿನಲ್ಲಿದ್ದಾಗ ಅಣ್ಣತಮ್ಮ ಹೆಚ್ಚುಕಡಿಮೆ ದಿನಾ ಪತ್ರ ಬರೆದುಕೊಳ್ಳುತ್ತಿದ್ದರು. ಬೇರೆ ರಾಜಕಾರಣಿಗಳಿಗೆ ಬರೆಯುವಾಗ ಸ್ಟೀಫನ್ಸ್ ತೂಗಿ ಬರೆಯುತ್ತಾನೆ, ತಮ್ಮನಿಗೆ ಬರೆಯುವಾಗ ಮನಸ್ಸು ಬಿಚ್ಚುತ್ತಾನೆ. ಒಂದೇ ಘಟನೆಯ ಬಗ್ಗೆ ಇಬ್ಬರಿಗೆ ಬರೆದದ್ದು ಸಿಕ್ಕರೆ ಅಕ್ಕಪಕ್ಕ ಇಟ್ಟು ಓದಿ.

ಒಬ್ಬ ಬಿಳಿಯನನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಬಾರದು ಅಂತ ಇಷ್ಟು ಕಷ್ಟಪಟ್ಟು ವಾದ ಮಾಡಿದವನ ಮನೆಯ ಹೆಸರು ಲಿಬರ್ಟಿ ಹಾಲ್. ಕ್ರಾಫರ್ಡ್‌ವಿಲ್‌ನಲ್ಲಿ ಈಗಲೂ ಇದೆ, ನೋಡಲು ಜನ ಹೋಗುತ್ತಾರೆ. ಯುದ್ಧಕ್ಕೆ ಮುಂಚೆ 30ಕ್ಕೂ ಹೆಚ್ಚು ಜನ ಗುಲಾಮರು ಅವನ ಒಡೆತನದಲ್ಲಿದ್ದರು. ಮನೆ ನೋಡಿಕೊಳ್ಳುತ್ತಿದ್ದವನು ಹ್ಯಾರಿ, ಹೆಂಡತಿ ಎಲೈಜಾ. ಯಜಮಾನ ವಾಷಿಂಗ್ಟನ್‌ನಲ್ಲೋ ರಿಚ್‌ಮಂಡ್‌ನಲ್ಲೋ ಕೂತು ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆಯುವಾಗ ಮನೆ ನಡೆದದ್ದು ಇವರ ಕೈಯಲ್ಲಿ. ಪತ್ರಗಳಲ್ಲಿ ಸ್ಟೀಫನ್ಸ್ ಮಾತು ಸಾವಿರಾರು ಪುಟ ಇದೆ. ಇವರು ಏನು ಅಂದುಕೊಂಡಿದ್ದರು ಅನ್ನುವುದು ಅವರ ಬಾಯಿಂದ ಆ ಪತ್ರಗಳಲ್ಲಿ ಸಿಗುವುದಿಲ್ಲ. ಇದನ್ನು ಸೆಮಿನಾರ್‌ನಲ್ಲಿ ಹೇಳಲು ಮರೆಯಬೇಡಿ. ಇಡೀ ಜಗಳ ಇವರನ್ನು ಕುರಿತಾದದ್ದು.

ಸ್ಟೀಫನ್ಸ್ ಒಬ್ಬನನ್ನೇ ಓದಬೇಡಿ. ಅವನ, ಟೂಂಬ್ಸ್‌ನ ಮತ್ತು ಹೋವೆಲ್ ಕಾಬ್‌ನ ಪತ್ರಗಳು ಒಟ್ಟಿಗೆ ಒಂದೇ ಸಂಪುಟದಲ್ಲಿ 1913ರಲ್ಲಿ ಅಚ್ಚಾದವು, ಸಂಪಾದಿಸಿದವನು ಇತಿಹಾಸಕಾರ ಉಲ್ರಿಚ್ ಫಿಲಿಪ್ಸ್. ತುಂಬಾ ಉಪಯೋಗದ ಪುಸ್ತಕ. ಆದರೆ ಫಿಲಿಪ್ಸ್ ತೋಟದ ಯಜಮಾನರ ಕಡೆಗೆ ವಾಲಿದವನು ಅನ್ನುವುದು ಗೊತ್ತಿರಲಿ, ಮತ್ತು ಸಂಪುಟದಲ್ಲಿರುವುದು ಆಯ್ದ ಪತ್ರಗಳು. ಮೂಲ ಕಾಗದಗಳು ಲೈಬ್ರರಿ ಆಫ್ ಕಾಂಗ್ರೆಸ್, ಎಮೊರಿ, ಡ್ಯೂಕ್ ಹೀಗೆ ಹಂಚಿಹೋಗಿವೆ.

ಕಾಬ್ ಕೂಡ ಜಾರ್ಜಿಯಾದವನೇ. ವಾಷಿಂಗ್ಟನ್‌ನಲ್ಲಿ ಹಣಕಾಸು ಮಂತ್ರಿಯಾಗಿದ್ದವನು, ಆಮೇಲೆ ಕಾನ್ಫೆಡರಸಿಯ ಜನರಲ್. 1865ರ ಜನವರಿ 8ರಂದು ಮೇಕನ್ ಊರಿನಿಂದ ಯುದ್ಧಮಂತ್ರಿ ಸೆಡನ್‌ಗೆ ಬರೆದ ಅವನ ಪತ್ರ ನೋಡಿ. ಸೈನಿಕರು ಸಾಲದೆ, ಗುಲಾಮರ ಕೈಗೇ ಬಂದೂಕು ಕೊಡೋಣ ಅನ್ನುವ ಮಾತು ಎದ್ದಿತ್ತು. ಕಾಬ್ ಬೇಡವೇ ಬೇಡ ಅಂದ. ಗುಲಾಮರು ಒಳ್ಳೆಯ ಸೈನಿಕರಾಗುತ್ತಾರೆ ಅಂದರೆ ಗುಲಾಮಗಿರಿಯ ಬಗ್ಗೆ ನಮ್ಮ ಇಡೀ ಸಿದ್ಧಾಂತವೇ ತಪ್ಪು ಅಂತ ಬರೆದ. ಮನೆ ಹೊತ್ತಿ ಉರಿಯುತ್ತಿದ್ದಾಗಲೂ ಉಳಿಸಿಕೊಳ್ಳಬೇಕು ಅಂತ ಅವನು ಹಿಡಿದದ್ದು ಯಾವುದನ್ನು ಅನ್ನುವುದು ಇದರಲ್ಲಿದೆ. ಕಾನ್ಫೆಡರಸಿ ಕೊನೆಗೆ ಮಾರ್ಚ್‌ನಲ್ಲಿ ಆ ಕಾನೂನು ಮಾಡಿತು, ಆದರೆ ಕಾಲ ಮೀರಿತ್ತು.

ಕಾಗದದ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕಾಗದವೇ ಒಂದು ಸಾಕ್ಷಿ. 1861ರ ಜೂನ್ ಹೊತ್ತಿಗೆ ಒಕ್ಕೂಟದ ಅಂಚೆ ದಕ್ಷಿಣದಲ್ಲಿ ನಿಂತುಹೋಯಿತು. ಅಂಚೆ ಮಂತ್ರಿ ಜಾನ್ ರೇಗನ್ ಕೈಯಲ್ಲಿ ಕಾನ್ಫೆಡರಸಿ ತನ್ನದೇ ಅಂಚೆ ಶುರು ಮಾಡಿತು. 500 ಮೈಲಿ ಒಳಗಾದರೆ 5 ಸೆಂಟ್, ಅದಕ್ಕೂ ದೂರ ಆದರೆ 10 ಸೆಂಟ್, 1862ರ ಜುಲೈನಿಂದ ಎಲ್ಲಕ್ಕೂ 10. ನೌಕಾ ದಿಗ್ಬಂಧನದಿಂದ ಕಾಗದದ ಬರ ಬಂತು. ಬಂದ ಲಕೋಟೆಯನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಗೋಡೆಗೆ ಅಂಟಿಸುವ ಹೂವಿನ ಕಾಗದದಲ್ಲೂ ಲಕೋಟೆ ಮಾಡುತ್ತಿದ್ದರು. ಸ್ಕ್ಯಾನ್ ಮಾಡಿದ ಚಿತ್ರ ಸಿಕ್ಕರೆ ಅಕ್ಷರದ ಜೊತೆ ಹಾಳೆಯ ಅಂಚು, ಮಡಿಕೆ ಎಲ್ಲ ನೋಡಿ. ಅಚ್ಚಿನ ಪುಸ್ತಕದಲ್ಲಿ ಇದು ಕಾಣುವುದಿಲ್ಲ.

ಹತ್ತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ನಮ್ಮ ಕಡೆಯವರಿಗೆ ಹತ್ತಿರದ ವಿಷಯ. ನಮ್ಮ ಹತ್ತಿ ಇಲ್ಲದೆ ಇಂಗ್ಲೆಂಡ್ ಬದುಕುವುದಿಲ್ಲ, ನಮ್ಮನ್ನು ಬೆಂಬಲಿಸಲೇಬೇಕು ಅಂತ ದಕ್ಷಿಣದ ನಾಯಕರಲ್ಲಿ ತುಂಬಾ ಜನ ನಂಬಿದ್ದರು. ಮ್ಯಾಂಚೆಸ್ಟರ್ ಗಿರಣಿಗಳು ಈಜಿಪ್ಟ್ ಮತ್ತು ಭಾರತದ ಕಡೆ ತಿರುಗಿದವು. ನಮ್ಮ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜದ ಹತ್ತಿ ಆಗಲೇ ಬೆಳೆಯುತ್ತಿತ್ತು, ಅದಕ್ಕೂ ಬೇಡಿಕೆ ಬಂತು. ಕಾರವಾರ ಬಂದರಿನ ಕಡೆ ಇಂಗ್ಲಿಷರ ಕಣ್ಣು ಬಿದ್ದದ್ದೂ ಅದೇ ಕಾಲದಲ್ಲಿ.

ಕೊನೆಯದಾಗಿ ಒಂದು ಪತ್ರ. 1865ರ ಫೆಬ್ರವರಿ 3ರಂದು ವರ್ಜಿನಿಯಾದ ಹ್ಯಾಂಪ್ಟನ್ ರೋಡ್ಸ್‌ನಲ್ಲಿ, ರಿವರ್ ಕ್ವೀನ್ ಅನ್ನುವ ಹಡಗಿನಲ್ಲಿ ಲಿಂಕನ್ ಮತ್ತು ಸ್ಟೀಫನ್ಸ್ ಮತ್ತೆ ಮುಖಾಮುಖಿಯಾದರು. ಗಂಟೆಗಟ್ಟಲೆ ಮಾತಾಯಿತು, ಸಂಧಾನ ಆಗಲಿಲ್ಲ. ಏಳುವಾಗ ಸ್ಟೀಫನ್ಸ್ ಒಂದು ವೈಯಕ್ತಿಕ ಮಾತು ಎತ್ತಿದ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬರ ಮಗ ಜಾನ್ ಅನ್ನುವ ಲೆಫ್ಟಿನೆಂಟ್ ಈರಿ ಸರೋವರದ ಜಾನ್ಸನ್ಸ್ ದ್ವೀಪದಲ್ಲಿ ಯುದ್ಧಕೈದಿಯಾಗಿದ್ದ. ಲಿಂಕನ್ ಅವನನ್ನು ವಾಷಿಂಗ್ಟನ್‌ಗೆ ಕರೆಸಿಕೊಂಡು, ಫೆಬ್ರವರಿ 10ರ ತಾರೀಖಿನ ಒಂದು ಚೀಟಿ ಕೈಯಲ್ಲಿ ಕೊಟ್ಟು ಕಳಿಸಿದ. ನಮ್ಮ ಒಪ್ಪಂದದಂತೆ ನಿಮ್ಮ ಹುಡುಗ ಈ ಚೀಟಿ ಹಿಡಿದು ಬರುತ್ತಿದ್ದಾನೆ, ಬದಲಿಗೆ ರಿಚ್‌ಮಂಡ್ ಜೈಲಿನಲ್ಲಿರುವ ಅದೇ ದರ್ಜೆಯ ನಮ್ಮ ಅಧಿಕಾರಿಗಳಲ್ಲಿ ಯಾರ ಆರೋಗ್ಯ ತುಂಬಾ ಕೆಟ್ಟಿದೆಯೋ ಅವರನ್ನು ಆರಿಸಿ ಕಳಿಸಿ ಅಂತ. ಮೂರು ನಾಲ್ಕು ಸಾಲು ಅಷ್ಟೇ. ಹುಡುಗ ಊರು ಮುಟ್ಟಿ ಸ್ಟೀಫನ್ಸ್ ಕೈಗೆ ಅದು ಸೇರುವ ಹೊತ್ತಿಗೆ ಲಿಂಕನ್ ಬದುಕಿರಲಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದಿರಿ. 1848ರ ಚೀಟಿ, 1860ರ ನಾಲ್ಕು ಪತ್ರ, 1862ರ ಕಾಲ್ಹೂನ್ ಪತ್ರ, 1865ರ ಕಾಬ್ ಪತ್ರ, ಲಿಂಕನ್‌ನ ಕೊನೆಯ ಚೀಟಿ. ಒಟ್ಟು ಎಂಟು. ತಾರೀಖಿನ ಸಾಲಿನಲ್ಲೇ ಓದಿ, ಒಂದು ಸಂಜೆ ಸಾಕು. ಯುದ್ಧದ ನಂತರ ಬರೆದ ಆ ಎರಡು ಸಂಪುಟಗಳನ್ನು ಇದೆಲ್ಲ ಮುಗಿದ ಮೇಲೆ ತೆಗೆಯಿರಿ. ಓದುವಾಗ ಡಿಸೆಂಬರ್ 30ರ ಪತ್ರ ಪಕ್ಕದಲ್ಲೇ ತೆರೆದಿರಲಿ.